ತೊಂಬತ್ತನೇ ಪುಟದ ಶೂಗಳು

"ಆ ಶೂ ನನ್ನದು!"

"ಇಲ್ಲ ರೀ, ನನ್ನದು! ಮೊದಲು ನೋಡಿದ್ದು ನಾನು!"

ಅವರಿಬ್ಬರ ಮೊದಲ ಮಾತೇ ಜಗಳ. ಅದೂ ಎಂಥ ಶೂಗಾಗಿ ಅಂತೀರಿ? ಕಾದಂಬರಿಯೊಂದರ ತೊಂಬತ್ತನೇ ಪುಟದಲ್ಲಿದ್ದ ಶೂಗಳಿಗಾಗಿ!

ಅದೊಂದು ತಲೆಬುಡ ತಿಳಿಯದ ಆಧುನಿಕೋತ್ತರ ಕಾದಂಬರಿ. ಕೊನೆಯ ಅಧ್ಯಾಯ ಮೊದಲೇ ಬಂದುಬಿಡುತ್ತದೆ, ಪಾತ್ರಗಳು ಕಥೆಯ ನಡುವೆ ಎದ್ದು ಲೇಖಕಿಯ ಜೊತೆ ವಾದಕ್ಕೆ ನಿಲ್ಲುತ್ತವೆ. ವಿದ್ಯಾರ್ಥಿಗಳಿಗೆ ಅರ್ಥವಾಗಲೆಂದು ಪ್ರಕಾಶಕರು ಅದನ್ನು ಟಿಪ್ಪಣಿಗಳ ಸಮೇತ ಮರುಮುದ್ರಿಸಲು ಹೊರಟಿದ್ದರು. ಅದರಲ್ಲಿನ ರೂಢಿ, ನಂಬಿಕೆ, ಉಡುಗೆಗಳನ್ನು ವಿವರಿಸುವುದು ಅವಳ ಪಾಲು. ಪಾತ್ರಗಳ ಮನಸ್ಸಿನೊಳಗೆ ಇಣುಕುವುದು ಅವನ ಪಾಲು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಅವನಿಗೆ ಕಚೇರಿಯವರು ಇಟ್ಟ ಹೆಸರು 'ಮನಸ್ಸಿನ ಮೇಷ್ಟ್ರು'.

ತೊಂಬತ್ತನೇ ಪುಟದ ಮುದುಕಿ ತೀರಿಹೋದ ಗಂಡನ ಶೂಗಳನ್ನು ದಿನವೂ ಒರೆಸಿ ಬಾಗಿಲ ಹೊರಗೆ ಇಡುತ್ತಾಳೆ.

"ಒಂಟಿ ಹೆಂಗಸರು ಹಾಗೆ ಇಡ್ತಾರೆ. ಮನೇಲಿ ಗಂಡಸಿದ್ದಾನೆ ಅಂತ ಕಳ್ಳರು ಅಂದ್ಕೊಳ್ಳಲಿ ಅಂತ. ಇದು ನನ್ನ ಟಿಪ್ಪಣಿ," ಎಂದಳು ಅವಳು.

"ಕಳ್ಳರನ್ನ ಬಿಡಿ. ಅವನು ಹೋದ ಅಂತ ಒಪ್ಕೊಳ್ಳೋಕೆ ಅವಳ ಮನಸ್ಸು ತಯಾರಿಲ್ಲ. ಇದು ನನ್ನದು."

ಸಂಪಾದಕರು ಇಬ್ಬರಿಗೂ ಕೈ ಮುಗಿದು ಎರಡನ್ನೂ ಹಾಕಿಸಿದರು. ಸಿಟ್ಟಿನಿಂದ ತಲೆ ತಗ್ಗಿಸಿದ ಅವಳಿಗೆ ಮೇಜಿನಡಿ ಅವನ ಶೂಗಳು ಕಂಡವು. ಒಂದಕ್ಕೆ ಕಪ್ಪು ಲೇಸು, ಇನ್ನೊಂದಕ್ಕೆ ಕಂದು! ಊರವರ ಮನಸ್ಸೆಲ್ಲ ಓದುವವನಿಗೆ ತನ್ನ ಕಾಲೇ ಕಾಣುವುದಿಲ್ಲವಲ್ಲ... ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಅವಳ ಕಥೆ ಮುಗಿಯಿತು.

ನಾಲ್ಕು ತಿಂಗಳು ಎದುರುಬದುರು ಕೂತು ಜಗಳವಾಡಿದರು. ಅವನು ಬಾರದ ದಿನ ಅವಳ ಕೆಲಸವೇ ಸಾಗುತ್ತಿರಲಿಲ್ಲ.

ಆಮೇಲೆ ಕಾದಂಬರಿಗಾರ್ತಿ ಬಂದಳು. ಬಂದರು ಎನ್ನಬೇಕು, ಆದರೆ ನಮ್ಮ ಹುಡುಗಿಗೆ ಆ ಮರ್ಯಾದೆ ಕೊಡುವ ಮನಸ್ಸಿರಲಿಲ್ಲ. ದಿನಕ್ಕೆರಡು ಗಂಟೆ ಕಚೇರಿಯ ಗಾಜಿನ ಕೋಣೆ, ಮುಚ್ಚಿದ ಬಾಗಿಲು, ಒಳಗೆ ಅವನು ಮತ್ತು ಆ ಲೇಖಕಿ! ಅವಳ ನಗು ಮಾತ್ರ ಹೊರಗೆ ಕೇಳುತ್ತಿತ್ತು. ಇವಳು ಒಂದೇ ಸಾಲನ್ನು ಹತ್ತು ಸಲ ಓದುತ್ತಿದ್ದಳು.

'ಕೇಳಲಾ? ನಾನ್ಯಾಕೆ ಕೇಳಲಿ? ನನಗೇನು ಅವನು?'

ಕೇಳಲಿಲ್ಲ. ಬದಲಿಗೆ ಅರವತ್ತೊಂದನೇ ಟಿಪ್ಪಣಿ ಬರೆದಳು. ಕಾದಂಬರಿಯ ಒಬ್ಬ ನಗೆಗಾರ್ತಿಯ ಬಗ್ಗೆ: "ಮುಚ್ಚಿದ ಬಾಗಿಲ ಹಿಂದೆ ಪರ ಪುರುಷರನ್ನು ಒಲಿಸಿಕೊಳ್ಳಲು ಇಂಥ ನಗೆಯನ್ನು ಬಳಸುವುದುಂಟು. ಲೇಖಕಿಗೆ ಇದು ಸ್ವಂತ ಅನುಭವ."

ಬರೆದು ಹಗುರಾದಳು. ಹೊಡೆದು ಹಾಕುವುದನ್ನು ಮರೆತಳು!

ವಾರದ ನಂತರ ಗ್ರಂಥಾಲಯದಿಂದ ಬಂದರೆ ಮೇಜಿನ ಮೇಲೆ ತಿದ್ದಲು ಬಂದ ಕರಡಚ್ಚು. ಅರವತ್ತೊಂದರ ಪಕ್ಕ ಅವನ ಪುಟ್ಟ ಪೆನ್ಸಿಲ್ ಅಕ್ಷರ: "ಮನಶ್ಶಾಸ್ತ್ರದ ಟಿಪ್ಪಣಿ: ಬರೆದವರಿಗೆ ವಿಪರೀತ ಹೊಟ್ಟೆಕಿಚ್ಚು. ಕಾರಣ ಒಂದೂ ಇಲ್ಲ."

ಅವನ ಕುರ್ಚಿ ಖಾಲಿ. ಇನ್ನೊಂದು ಪ್ರತಿ ಗಾಜಿನ ಕೋಣೆಯಲ್ಲಿ ಕಾದಂಬರಿಗಾರ್ತಿಯ ಮುಂದಿತ್ತು... ತಪ್ಪಿಸಿಕೊಂಡು ಮನೆಗೆ ಓಡಬಹುದಿತ್ತು. ಆದರೆ ಕಾಲುಗಳು ಆ ಕೋಣೆಯತ್ತಲೇ ನಡೆದವು.

"ಮೇಡಂ, ಅರವತ್ತೊಂದನೇ ಟಿಪ್ಪಣಿ ಸುಳ್ಳು. ಹೊಟ್ಟೆಕಿಚ್ಚಿಗೆ ಬರೆದೆ. ಕ್ಷಮಿಸಿ."

ಕಾದಂಬರಿಗಾರ್ತಿ ಕನ್ನಡಕ ತೆಗೆದರು. "ಈಗಷ್ಟೇ ಓದಿದೆ. ಕೋಪ ಬಂದಿತ್ತು. ನೀವೇ ಬಂದು ಹೇಳಿದ್ರಲ್ಲ, ಇಳೀತು. ಹೊಡೆದು ಹಾಕಿ." ಪೆನ್ನು ಮುಂದೆ ಮಾಡಿದರು. "ನಾನು ನಿಮ್ಮ ಟಿಪ್ಪಣಿಗಳನ್ನೆಲ್ಲ ತೆಗೀಬೇಕು ಅಂತ ಬಂದವಳು, ಗೊತ್ತಾ? ಎಲ್ಲ ಬಿಡಿಸಿ ಹೇಳಿದ್ರೆ ಓದುಗರಿಗೆ ಏನು ಉಳಿಯುತ್ತೆ ಅಂತ. ಆ ಮೇಷ್ಟ್ರು ಬಿಡಬೇಕಲ್ಲ! ದಿನಾ ಒಂದೊಂದಕ್ಕೂ ಜಗಳ. ಅರವತ್ತನ್ನೂ ಉಳಿಸಿಕೊಂಡ್ರು. ನಿಮ್ಮ ಶೂ ಟಿಪ್ಪಣೀನ ನಾಲ್ಕು ಸಲ ಓದಿ ಹೇಳಿದ್ರು. ನಗದೆ ಇನ್ನೇನು ಮಾಡ್ಲಿ?"

ಅವಳಿಗೆ ನಿಂತ ನೆಲ ಬಾಯಿ ಬಿಡಬಾರದೆ ಅನ್ನಿಸಿತು. 'ಇನ್ನು ಅವನಿಗೆ ಯಾವ ಮುಖ ತೋರಿಸಲಿ?'

ಮನೆ ತಲುಪಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬಾಗಿಲ ಹೊರಗೆ ಒಂದು ಜೊತೆ ಶೂ. ಒಂದಕ್ಕೆ ಕಪ್ಪು ಲೇಸು, ಇನ್ನೊಂದಕ್ಕೆ ಕಂದು...

"ಒಂದು ಗಂಟೆಯಿಂದ ಕೂತಿದ್ದಾರೆ ಕಣೇ," ಅತ್ತಿಗೆ ಪಿಸುಗುಟ್ಟಿದಳು. "ನನ್ನ ಮನಸ್ಸಲ್ಲಿ ಏನಿದೆ ಹೇಳಿ ಅಂದೆ. 'ಇವನು ಯಾವಾಗ ಎದ್ದು ಹೋಗ್ತಾನೆ ಅಂತ' ಅಂದ್ರು. ಸರಿಯಾಗೇ ಹೇಳಿದ್ರು!" ನಗುತ್ತ ಒಳಗೆ ಹೋದಳು.

ಅವನು ಎದ್ದು ನಿಂತ. "ಕಚೇರಿಲಿ ಹೇಳೋ ಮಾತಲ್ಲ, ಅದಕ್ಕೇ ಬಂದೆ."

"ನನ್ನ ಟಿಪ್ಪಣಿಗಳಿಗಾಗಿ ಜಗಳ ಆಡ್ತಿದ್ದೀನಿ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಅವಳ ಕಣ್ಣು ತುಂಬಿತು.

"ನಿಮ್ಮ ನಾಲ್ಕು ತಿಂಗಳ ಕೆಲಸ ತೆಗೆದು ಹಾಕ್ತಾರಂತೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವಳು ಕಣ್ಣೊರೆಸಿಕೊಂಡಳು. "ಸರಿ... ಹೊರಗೆ ಶೂ ಇದೆಯಲ್ಲ, ಅದಕ್ಕೆ ಏನು ಟಿಪ್ಪಣಿ ಬರೀಲಿ? ಕಳ್ಳರಿಗೆ ಇಟ್ಟಿದ್ದಾ? ಹೋದವನ ನೆನಪಿಗಾ?"

"ಎರಡೂ ತಪ್ಪು. ಅವನು ಎಲ್ಲೂ ಹೋಗಿಲ್ಲ. ಒಳಗೇ ಇದ್ದಾನೆ. ನೀವು ಇರು ಅಂದ್ರೆ... ಇರ್ತಾನೆ."

ಅವಳು ಹೊರಗೆ ಹೋಗಿ ಆ ಶೂಗಳನ್ನು ಎತ್ತಿ ತಂದು, ಒಳಗೆ ತನ್ನ ಚಪ್ಪಲಿಯ ಪಕ್ಕ ಜೋಡಿಸಿಟ್ಟಳು.

ಅವನು ಆಗ ಲೇಸುಗಳನ್ನು ನೋಡಿ ಗಾಬರಿಯಾದ. "ಅಯ್ಯೋ! ನಾಳೆನೇ ಬದಲಾಯಿಸ್ತೀನಿ."

"ಬೇಡ... ನಾನು ಮನಸ್ಸು ಕೊಟ್ಟಿದ್ದೇ ಅದನ್ನ ನೋಡಿ."