ಮಿಯಾಪುರದ ಬಿಸಿಲಲ್ಲಿ ಬಿದ್ದ ಮಳೆ

ನನ್ನ ಬೆನ್ನಿಗೆ ಟೆರೇಸಿನ ಮೋಟುಗೋಡೆ. ಅದರಾಚೆ ಆರು ಅಂತಸ್ತಿನ ಆಳ.

ಮಿಯಾಪುರ, ತೆಲುಗು ಸೀಮೆಯ ಮಹಾನಗರದ ಒಂದು ಬಡಾವಣೆ. ಮಟಮಟ ಮಧ್ಯಾಹ್ನ. ರೋಹಿತನ ಡ್ರೈವರ್ ನನ್ನ ಕತ್ತಿಗೆ ಮೊಳಕೈ ಒತ್ತಿ ನಿಂತಿದ್ದ.

"ಫೋನ್ ಕೊಡ್ರಿ, ಮೇಡಂ," ಎಂದ ರೋಹಿತ. ಮೆತ್ತಗಿನ ದನಿ.

"ತಗೋ."

ಅದನ್ನು ಗೋಡೆಯಾಚೆ ಬಿಟ್ಟ. ಕೆಳಗೆಲ್ಲೋ ಚೂರಾದ ಸದ್ದು... ನನ್ನ ಫೋಟೋಗಳೆಲ್ಲ ಹೋದವು.

ಫೋಟೋದಲ್ಲಿ ಏನಿತ್ತು? ಕೇಳಿ.

ಮಳೆ ಅಳೆಯುವ ಯಂತ್ರಗಳು. ಆ ಟೆರೇಸಿನ ಮೇಲೆ ಸಾಲಾಗಿ ಹನ್ನೆರಡು. ಒಂದೊಂದಕ್ಕೂ ಒಂದೊಂದು ಹಳ್ಳಿಯ ಹೆಸರು. ಎಲ್ಲವೂ ಕರ್ನಾಟಕದ ಗಡಿಗೆ ಅಂಟಿದ, ಬಸ್ಸು ಹೋಗದ ಹಳ್ಳಿಗಳು. ಅಲ್ಲಿ ಬೆಳೆ ಕೊಚ್ಚುವಷ್ಟು ಮಳೆ ಬಿತ್ತೆಂದು ಈ ಡಬ್ಬಿ ಹೇಳಿದರೆ ಮಾತ್ರ ಸಣ್ಣ ರೈತರಿಗೆ ಸರ್ಕಾರದ ಬೆಳೆವಿಮೆ. ಆಯಾ ಹಳ್ಳಿಯಲ್ಲಿ ಅವನ್ನು ಕೂರಿಸುವ ಗುತ್ತಿಗೆ ರೋಹಿತನದು. ಗುಡ್ಡ ಹತ್ತಿದರೆ ಸಾಹೇಬರ ಸೊಂಟ ನೋಯುತ್ತದಲ್ಲ... ಎಲ್ಲವನ್ನೂ ಸ್ವಂತ ಮನೆಯ ಮೇಲೇ ಕೂರಿಸಿಬಿಟ್ಟಿದ್ದ.

ನಾನು ಮೃಣಾಲಿನಿ. ಹಿಂದೆ ವಿಮೆ ಸರ್ವೇಯರ್. ಈಗ ಇದೇ ನಗರದ ಹಿಮಾಯತ್‌ನಗರದಲ್ಲಿ, ಬಳೆಯಂಗಡಿಯ ಮೇಲೆ ಒಂದು ಕೋಣೆ, ಎರಡು ಕುರ್ಚಿ. ಕಚೇರಿಗಳು ಅಟ್ಟಿದವರು ನನ್ನ ಹತ್ತಿರ ಬರುತ್ತಾರೆ. ಗಂಗೂಬಾಯಿಯೂ ಹಾಗೇ ಬಂದಳು. ಅರವತ್ತು ದಾಟಿದ ಹೆಂಗಸು. ಕೈಯಲ್ಲೊಂದು ಕಾಗದ.

"ತಂಗಿ, ಮುಗಿಲು ಹರಕೊಂಡು ಬಿದ್ದಂಗ ಮಳಿ ಬಂತು. ಎರಡೆಕರೆ ಹತ್ತಿ ಹಳ್ಳಕ್ಕ ಹೋತು. ಇದರಾಗ ಏನ್ ಬರದಾರ ಓದು."

ಓದಿದೆ. ಆ ದಿನ ಅವಳೂರಲ್ಲಿ ಬಿದ್ದ ಮಳೆ ಸೊನ್ನೆ. ಅರ್ಜಿ ವಜಾ.

"ಅವ್ವಾ, ಮಳಿ ಅಳೆಯೋ ಮಷೀನ್ ನಿಮ್ಮೂರಾಗ ಎಲ್ಲೈತಿ?"

"ನಾ ಅಂತೂ ಕಂಡಿಲ್ಲ. ಊರಾಗ ಯಾರೂ ಕಂಡಿಲ್ಲ."

ನನ್ನ ತಲೆ ಕಾಯಿತು. ಕಾಗದದ ಕೆಳಗೆ ರೋಹಿತನ ಕಂಪನಿಯ ಹೆಸರಿತ್ತು. ಉಪ್ಪಲ್‌ನ ಅವನ ಗೋಡೌನ್ ಮುಂದೆ ಮೂರು ದಿನ ಕಾದೆವು. ನಾಲ್ಕನೆಯ ದಿನ ಬ್ಯಾಟರಿ ತುಂಬಿಕೊಂಡು ಅವನ ಜೀಪು ಹೊರಟಿತು. ಹಿಂದೆ ನನ್ನ ಸ್ಕೂಟರ್. ನನ್ನ ಬೆನ್ನಿಗೆ ಗಂಗೂಬಾಯಿ.

ಮೆಟ್ರೋ ಕಂಬಗಳ ನಡುವೆ ನುಗ್ಗಿದೆ. ಎರಡು ಸಿಗ್ನಲ್ ಹಾರಿಸಿದೆ. ಜೀಪು ಗುಡ್ಡದ ದಾರಿ ಹಿಡಿಯುತ್ತದೆ ಅಂದುಕೊಂಡಿದ್ದೆ. ಅದು ಅವನ ಮನೆಯಿರುವ ಈ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಹೋಯಿತು. ಟೆರೇಸಿಗೆ ಹೋಗಿ ಬ್ಯಾಟರಿ ಬದಲಿಸಿ ರೋಹಿತ, ಡ್ರೈವರ್ ಇಬ್ಬರೂ ಇಳಿದ ಮೇಲೆ, ಗಂಗೂಬಾಯಿಯನ್ನು ಕೆಳಗೇ ನಿಲ್ಲಿಸಿ ನಾನು ಹತ್ತಿದೆ. ಫೋಟೋ ತೆಗೆದು ತಿರುಗಿದರೆ... ಬಾಗಿಲಲ್ಲಿ ಅವರೇ.

"ನೀವು ನಮ್ಮ ಕಡೆಯವ್ರು, ಮೇಡಂ," ಎಂದ ರೋಹಿತ. "ಅದಕ್ಕ ಮೆಟ್ಟಿಲ ಮ್ಯಾಲಿಂದ ಇಳೀರಿ ಅನ್ನಾಕತ್ತೀನಿ. ಗ್ವಾಡಿ ಮ್ಯಾಲಿಂದ ಅಲ್ಲ. ಆ ಹಳ್ಳಿಗೆ ಯಾರ್ ಹೋಗಿ ನೋಡ್ತಾರ?"

"ನಾ ನೋಡೀನಿ."

ಗಂಗೂಬಾಯಿ. ಫೋನು ಬಿದ್ದದ್ದು ಕಂಡು ಹತ್ತಿ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು.

"ಅವ್ವಾ," ನನ್ನ ಗಂಟಲು ಕಿರುಗುಟ್ಟಿತು. "ಆ ಮೂರನೇ ಡಬ್ಬಿ ನಿಮ್ಮೂರಿಂದು. ಅದರಾಗ ನೀರ್ ಬಿಡು."

ಟ್ಯಾಂಕಿನ ಪಕ್ಕ ಗಿಡಕ್ಕೆ ನೀರು ಹಾಕುವ ಪೈಪಿತ್ತು. ನಲ್ಲಿ ತಿರುಗಿಸಿದಳು.

"ಅವತ್ತ ಎಷ್ಟ್ ಬಿತ್ತು ಅಂತ ತೋರಸ್ತೀನಿ ತಡಿ."

ಡ್ರೈವರ್ ನಕ್ಕ. ರೋಹಿತನೂ ನಕ್ಕ. ಮೂರನೆಯದು ತುಂಬಿ ನಾಲ್ಕನೆಯದಕ್ಕೆ ಪೈಪು ಹೊರಳಿತು. ಆಮೇಲೆ ಐದು, ಆರು... ಹನ್ನೆರಡೂ ಆದ ಮೇಲೆ ರೋಹಿತನಿಗೆ ಹೊಳೆಯಿತು. ಆ ಡಬ್ಬಿಗಳು ಐದೈದು ನಿಮಿಷಕ್ಕೆ ಸರ್ಕಾರದ ಕಂಪ್ಯೂಟರಿಗೆ ಲೆಕ್ಕ ಕಳಿಸುತ್ತವೆ.

ಅವಳ ಮೇಲೆ ನುಗ್ಗಿದ. ಪೈಪಿನ ನೀರು ಅವನ ಮುಖಕ್ಕೆ ರಾಚಿತು. ಕಾಲು ಜಾರಿ ಅಂಗಾತ ಬಿದ್ದ. ಡ್ರೈವರ್ ಆ ಕಡೆ ತಿರುಗಿದ್ದೇ ತಡ, ಮೊಣಕಾಲೆತ್ತಿ ಕೊಟ್ಟೆ. ಮಡಚಿಕೊಂಡು ಕೂತ.

ರೋಹಿತನ ಜೇಬಿನಿಂದ ಜಾರಿದ ಫೋನು ಬಡಿದುಕೊಳ್ಳತೊಡಗಿತು. ಎತ್ತಿದೆ. ಹವಾಮಾನದ ಕಂಟ್ರೋಲ್ ರೂಮ್. ತೆಲುಗಿನಲ್ಲಿ ಗಾಬರಿಯ ದನಿ. ಹನ್ನೆರಡು ಹಳ್ಳಿಯಲ್ಲಿ ಒಮ್ಮೆಗೇ ಮೇಘಸ್ಫೋಟ, ನೀವೆಲ್ಲಿದ್ದೀರಿ?

"ಮೋಡದ ಹತ್ತಿರಾನೇ ಇದ್ದೀನಿ," ನಾನೂ ತೆಲುಗಿನಲ್ಲೇ ಹೇಳಿದೆ. "ಅಡ್ರೆಸ್ ಬರೆದುಕೊಳ್ಳಿ. ಜೊತೆಗೆ ಪೊಲೀಸರನ್ನೂ ಕಳಿಸಿ."

ಸಂಜೆಯೊಳಗೆ ರೋಹಿತನನ್ನು ಒದ್ದೆ ಬಟ್ಟೆಯಲ್ಲೇ ಎಳೆದೊಯ್ದರು. ಗಂಗೂಬಾಯಿಯ ಅರ್ಜಿ ಮತ್ತೆ ತೆರೆದಿದೆ. ಪರಿಶೀಲನೆಯಲ್ಲಿದೆಯಂತೆ. ನಾನು ವಾರಕ್ಕೆರಡು ಸಲ ಹೋಗಿ ಅವರ ಮೇಜು ಗುದ್ದಿ ಬರುತ್ತೇನೆ.

ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಕಂಟ್ರೋಲ್ ರೂಮಿನವರು ನಮಗೆ ಫೋನ್ ಮಾಡುವ ಮೊದಲೇ ಆ ಹಳ್ಳಿಗಳಿಗೆ ಹನ್ನೆರಡು ಜೀಪು ಕಳಿಸಿಯಾಗಿತ್ತು.

ಹತ್ತಿ ಕೊಚ್ಚಿಹೋದ ದಿನ ಒಂದು ಸೈಕಲ್ಲೂ ಬಂದಿರಲಿಲ್ಲ.