ಯಾವ ‘ಯೂಸ್ಡ್ ಟು’?

ಹರಿಹರ ಬಸ್ ನಿಲ್ದಾಣದ ಗೋಡೆಯ ಮುಂದೆ ನಿಂತು ಸುಷ್ಮಾ ಒಬ್ಬಳೇ ನಗುತ್ತಿದ್ದಳು. ಗೋಡೆಗೆ ಬಿಗಿದಿದ್ದ ಫ್ಲೆಕ್ಸ್ ಮೇಲೆ ಭತ್ತ ಕಟಾವು ಮಷಿನ್ನಿನ ದೊಡ್ಡ ಚಿತ್ರ. ಅದರ ಕೆಳಗೆ ಕೆಂಪಕ್ಷರದ ಇಂಗ್ಲಿಷ್: ‘ವಿ ಯೂಸ್ಡ್ ಟು ಗಿವ್ ಪ್ಯಾಡಿ ಹಾರ್ವೆಸ್ಟರ್ ಫಾರ್ ರೆಂಟ್.’

ಫೋಟೊ ತೆಗೆಯಲು ಫೋನ್ ಎತ್ತಿದಳು. ಹಿಂದಿನಿಂದ ದನಿ ಬಂತು.

“ಯಾಕ್ರಿ ಮೇಡಂ, ನಮ್ ಮಷಿನ್ ಅಷ್ಟು ನಗು ಬರೋ ಹಂಗೈತಾ?”

ತಿರುಗಿದಳು. ಕಂಕುಳಲ್ಲಿ ಇನ್ನೊಂದು ಫ್ಲೆಕ್ಸ್ ಸುರುಳಿ, ಕೈಯಲ್ಲಿ ಸುತಳಿ ಹಿಡಿದು ಅವನು ನಿಂತಿದ್ದ. ಅಂಗಿಯ ತೋಳಿಗೆ ಗ್ರೀಸ್ ತಾಗಿತ್ತು. ಒಂದು ಹುಬ್ಬು ಮೇಲೇರಿತ್ತು, ಆದರೆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

“ಮಷಿನ್ ಅಲ್ಲ, ಇಂಗ್ಲಿಷ್ ನೋಡಿ ನಕ್ಕೆ,” ಎಂದಳು ಸುಷ್ಮಾ, ನಾಲಿಗೆ ಕಚ್ಚಿಕೊಂಡು. “ಮೊದಲು ಬಾಡಿಗೆಗೆ ಕೊಡ್ತಿದ್ವಿ, ಈಗ ಬಿಟ್ಟೀವಿ ಅಂತ ಬರೆಸೀರಿ.”

“ಕೊಡ್ತಿರ್ತೀವಿ ಅಂತ ಬರೆಸಿದ್ದು ನಾನು!”

“ಯೂಸ್ಡ್ ಟು ಅಂದ್ರೆ ಕೊಡ್ತಿದ್ವಿ. ಮುಗೀತು ಅಂತ.”

ಅವನು ಒಮ್ಮೆ ಬೋರ್ಡನ್ನು, ಒಮ್ಮೆ ಅವಳನ್ನು ನೋಡಿದ. ಆಮೇಲೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗುವಂತೆ ಗಟ್ಟಿಯಾಗಿ ನಕ್ಕುಬಿಟ್ಟ. “ಅದಕ್ಕೇನಾ ಈ ಸಲ ಫೋನೇ ಕಮ್ಮಿ! ಅಂಗಡಿ ಮುಚ್ಚೀನಿ ಅಂತ ನಾನೇ ಡಂಗುರ ಹೊಡೆಸೀನಲ್ರಿ!”

ಅವನ ಹೆಸರು ಬಸವಕಿರಣ್. ಮಲೆಬೆನ್ನೂರಿನವನು. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ, ಸ್ವಂತಕ್ಕೊಂದು ಕಟಾವು ಮಷಿನ್ ತಂದು, ಸುತ್ತಲ ಊರುಗಳ ಗದ್ದೆ ಕೊಯ್ಯಿಸುತ್ತಿದ್ದ. ಸುಷ್ಮಾ ಹರಿಹರದ ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಲೆಕ್ಚರರ್. ದಿನಾ ದಾವಣಗೆರೆಯ ಸರಸ್ವತಿ ನಗರದ ಮನೆಯಿಂದ ಬಂದು ಹೋಗುವವಳು. ಇಂಗ್ಲಿಷ್ ಮೇಷ್ಟರುಗಳ ಕಾರ್ಯಾಗಾರದಲ್ಲಿ ಮಾತಾಡಲು ಅವಳು ಆರಿಸಿಕೊಂಡ ವಿಷಯವೇ ಇದು: ‘ಯೂಸ್ಡ್ ಟು’ ಅನ್ನುವುದನ್ನು ಪುಸ್ತಕದ ಹೊರಗೆ ನಮ್ಮ ಜನ ನಿಜವಾಗಿ ಹೇಗೆ ಬರೆಯುತ್ತಾರೆ.

“ಇಂಥವು ಬೇಕಾ ನಿಮಗೆ?” ಎಂದ ಬಸವಕಿರಣ್. “ಊರೂರು ತಿರುಗೋನು ನಾನು. ಕಂಡಿದ್ದೆಲ್ಲ ಫೋಟೊ ತೆಗೆದು ಕಳಿಸ್ತೀನಿ. ನಂಬರ್ ಕೊಡ್ರಿ.”

“ನಿಮ್ ನಂಬರ್ ಇಷ್ಟು ದಪ್ಪಕ್ಷರದಾಗೆ ಗೋಡೆ ಮೇಲೈತಲ್ಲ,” ಎಂದಳು ಬಸ್ ಹತ್ತುತ್ತಾ. “ಬೇಕಾದ್ರೆ ನಾನೇ ಹಾಯ್ ಅಂತೀನಿ.”

ದಾವಣಗೆರೆ ಮುಟ್ಟುವಷ್ಟರಲ್ಲಿ ಹಾಯ್ ಅಂದಿದ್ದಳು.

ಆಮೇಲೆ ಫೋಟೊಗಳು ಬಂದವು. ಮಸ್ತಾನಸಾಬ್ ಟೈಲರ್ ಬೋರ್ಡ್: ‘ಬ್ಲೌಸ್ ಯೂಸ್ಡ್ ಟು ಸ್ಟಿಚ್ ಇನ್ ಒನ್ ಡೇ.’ ಕೆಳಗೆ ಬಸವಕಿರಣನ ಟಿಪ್ಪಣಿ: ‘ಈಗ ಎಷ್ಟು ದಿನ ಅಂತ ಕೇಳಿದೆ ಮೇಡಂ, ಹಬ್ಬದ ಸೀಸನ್ನು, ಹದಿನೈದು ಅಂದ್ರು. ನಿಮ್ ಗ್ರಾಮರೇ ಕರೆಕ್ಟು.’ ಕ್ಲಾಸ್ ನಡುವೆ ಅದನ್ನು ಓದಿ ಸುಷ್ಮಾ ನಗು ತಡೆಯಲು ಬೋರ್ಡಿನ ಕಡೆ ತಿರುಗಬೇಕಾಯಿತು.

ಒಂದು ಶನಿವಾರ ಅವನು ಬಿಡಿಭಾಗ ಕೊಳ್ಳಲು ದಾವಣಗೆರೆಗೆ ಬಂದ. ಒಂದು ದೋಸೆ ಹೋಟೆಲಿಗೆ ಕರೆದ. ಗೋಡೆಯತ್ತ ಬೆರಳು ಮಾಡಿ ತುಟಿ ಬಿಗಿಹಿಡಿದು ಕೂತ. ಅಲ್ಲಿ ಬರೆದಿತ್ತು: ‘ವಿ ಯೂಸ್ಡ್ ಟು ಯೂಸ್ ಪ್ಯೂರ್ ಬಟರ್ ಓನ್ಲಿ.’

“ಹಂಗಾದ್ರೆ ಈಗೇನ್ ಹಾಕ್ತಾರೋ!” ಎಂದಳು ಸುಷ್ಮಾ.

“ತಿಂದು ಹೇಳ್ರಿ.”

ಬೆಣ್ಣೆ ಬೆರಳಿನ ಸಂದಿಯಿಂದ ಇಳಿಯುತ್ತಿತ್ತು. ಅವನು ಕರವಸ್ತ್ರ ಚಾಚಿದ. ಅವಳು ತೆಗೆದುಕೊಳ್ಳುವಾಗ ಇಬ್ಬರೂ ಬೇಕಂತಲೇ ಬೇರೆ ಕಡೆ ನೋಡಿದರು. ಮತ್ತೆ ಒಟ್ಟಿಗೇ ತಿರುಗಿ ಸಿಕ್ಕಿಬಿದ್ದರು.

ಅವತ್ತೇ ಅವಳು ಕಾಲೇಜ್ ಮ್ಯಾಗಜೀನಿನ ಒಂದು ಪುಟ ತೋರಿಸಿದಳು. ತೀರಿಹೋದ ಅಜ್ಜಿಯ ಬಗ್ಗೆ ಒಬ್ಬ ವಿದ್ಯಾರ್ಥಿನಿ ಬರೆದದ್ದು. ‘ಶಿ ಯೂಸ್ಡ್ ಟು ವೇಟ್ ಫಾರ್ ಮಿ ನಿಯರ್ ದ ಗೇಟ್.’ ಬಸವಕಿರಣ್ ಎರಡು ಸಲ ಓದಿದ.

“ಇದ್ರಾಗೆ ‘ಈಗಲೂ’ ಅನ್ನೋದು ಇಲ್ಲ, ಅಲ್ವಾ?” ಎಂದ. “ಅದೇ ಮಾತು. ಅಲ್ಲಿ ನಗು ಬಂತು, ಇಲ್ಲಿ ಅಳು ಬಂದಂಗಾತು.”

ಪಾಠ ಮಾಡಿದವಳು ತಾನು, ಒಂದೇ ಮಾತಿನಲ್ಲಿ ಸಾರ ಹೇಳಿದವನು ಅವನು. ಅವನ ಮುಖವನ್ನು ಅವಳು ಅಂದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಕಾರ್ಯಾಗಾರದ ದಿನ ಅವನು ಇಸ್ತ್ರಿ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದ. “ಪುಸ್ತಕದಲ್ಲಿ ಇದು ಮುಗಿದುಹೋದ ಕಾಲ,” ಎಂದಳು ಸುಷ್ಮಾ ಮೈಕಿನಲ್ಲಿ. “ನಮ್ಮ ಬಜಾರಿನಲ್ಲಿ ಇನ್ನೂ ನಡೆಯುತ್ತಿರುವ ಕಾಲ. ನಾವು ‘ಮಾಡ್ತಿರ್ತೀವಿ’ ಎಂದು ಮನಸ್ಸಿನಲ್ಲಿ ಅಂದುಕೊಂಡು ಇಂಗ್ಲಿಷ್‌ನಲ್ಲಿ ಹೀಗೆ ಬರೆಯುತ್ತೇವೆ. ಬರೆದವರು ಯಾರು, ಯಾರಿಗಾಗಿ ಬರೆದರು ಎಂದು ತಿಳಿಯದೆ ಅರ್ಥ ಹೇಳಲಾಗದು.” ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಕೊನೆಗೆ ನಿಂತದ್ದು ಹಿಂದಿನ ಸಾಲಿನ ಚಪ್ಪಾಳೆ.

ಅವಳನ್ನು ಜನ ಮುತ್ತಿಕೊಂಡಿದ್ದಾಗ ಅವನು ಹೊರಟುಹೋಗಿದ್ದ. ಮನೆಯ ದಾರಿಯಲ್ಲಿ, ಆಟೋದೊಳಗೆ, ಫೋನ್ ಮಿಡಿಯಿತು.

‘ಮೇಡಂ, ಐ ಯೂಸ್ಡ್ ಟು ಲೈಕ್ ಯು ವೆರಿ ಮಚ್.’

ಸುಷ್ಮಾಳ ಎದೆ ಡವಡವ ಹೊಡೆದುಕೊಂಡಿತು. ಸಂತೋಷದಿಂದ ಕೆನ್ನೆ ಬಿಸಿಯಾಯಿತು. ಮರುಗಳಿಗೆಯೇ ಮತ್ತೊಮ್ಮೆ ಓದಿದಳು. ಇದು ಯಾವುದು? ಬಜಾರಿನದೋ, ಪುಸ್ತಕದ್ದೋ? ಮೊದಲು ಇಷ್ಟವಿತ್ತು, ಈಗ ಇಲ್ಲವೆಂದೋ? ಗೊತ್ತಿಲ್ಲದೆ ಬರೆದನೆನ್ನೋಣವೆಂದರೆ ಅವನಿಗೆ ಎರಡನ್ನೂ ಕಲಿಸಿದವಳು ತಾನೇ.

‘ಏನು ಇದರರ್ಥ?’ ಎಂದು ಟೈಪ್ ಮಾಡಿ ಅಳಿಸಿದಳು. ಇಂಗ್ಲಿಷ್ ಲೆಕ್ಚರರ್ ಆಗಿ ಕೇಳುವ ಪ್ರಶ್ನೆಯೇ ಅದು! ಮರುದಿನ ತಡೆಯಲಾರದೆ ಫೋನ್ ಮಾಡಿದರೆ ನಾಟ್ ರೀಚಬಲ್.

ಅದೇ ಹೊತ್ತಿಗೆ ಮನೆಯಲ್ಲೂ ಮಾತೆದ್ದಿತ್ತು. ಅಪ್ಪ ವಾಮದೇವಪ್ಪನವರದು ಬಟ್ಟೆ ವ್ಯಾಪಾರ. ಮಗಳ ಮೇಲೆ ಯಾವತ್ತೂ ದನಿ ಎತ್ತಿದವರಲ್ಲ. “ಚಿತ್ರದುರ್ಗದ ಕಡೇರು ಭಾನುವಾರ ನೋಡೋಕೆ ಬರ್ತೀವಿ ಅಂತಾರಮ್ಮ. ಒಳ್ಳೇ ಮನೆತನ. ಹೂಂ ಅನ್ಲಾ?”

“ನಾಳೆ ಹೇಳ್ತೀನಪ್ಪ,” ಎಂದಳು. ಅಮ್ಮ ಕಸ್ತೂರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದರು.

ಬೆಳಗಾದ ಮೇಲೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಿಸ್ಟರಿ ಲೆಕ್ಚರರ್ ದಿಲ್ಷಾದ್ ಬೇಗಂ ಮೆಸೇಜನ್ನು ಕನ್ನಡಕ ಏರಿಸಿ ಓದಿದರು.

“ಇನ್ನೂ ಉತ್ತರ ಕೊಟ್ಟಿಲ್ವಾ ನೀನು?”

“ಅರ್ಥ ಗೊತ್ತಿಲ್ದೆ ಏನಂತ ಕೊಡ್ಲಿ, ಆಪಾ?”

“ಬರ್ದೋರ್ನ ಕೇಳ್ಬೇಕು ಅಂತ ಮೈಕ್ ಹಿಡ್ಕೊಂಡು ನೀನೇ ಹೇಳ್ದ್ಯಲ್ಲ? ಹೋಗಿ ಕೇಳು. ಮಧ್ಯಾಹ್ನದ ಕ್ಲಾಸ್ ನಾನು ತಗೋತೀನಿ. ಏಳು, ಏಳು!”

ಮಲೆಬೆನ್ನೂರಿನ ಬಸ್ಸಿನಲ್ಲಿ ಕೂತ ಮೇಲೆಯೇ ಅವಳಿಗೆ ತಾನು ಏನು ಮಾಡುತ್ತಿದ್ದೇನೆಂದು ಹೊಳೆದದ್ದು. ಇಳಿಯೋಣವೆನಿಸಿತು. ಇಳಿಯಲಿಲ್ಲ. ಮಲೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಮಷಿನ್ ಪಕ್ಕದ ಕೊಕ್ಕನೂರಿನಲ್ಲಿದೆ ಎಂದರು. ಆಟೋ ಹಿಡಿದಳು. ಟ್ರ್ಯಾಕ್ಟರುಗಳ ಧೂಳಿನಲ್ಲಿ ಸೀರೆ ಕೆಂಪಾಯಿತು, ಎದೆ ಮಾತ್ರ ಇಂಜಿನ್ನಿಗಿಂತ ಜೋರಾಗಿ ಓಡುತ್ತಿತ್ತು.

ಹಳದಿ ಗದ್ದೆಯ ನಡುವೆ ಮಷಿನ್ ಗುಡುಗುಡು ಎನ್ನುತ್ತಿತ್ತು. ಅದರ ಪಕ್ಕ ನಡೆಯುತ್ತಿದ್ದ ಬಸವಕಿರಣ್ ಬದುವಿನ ಮೇಲೆ ನಿಂತವಳನ್ನು ಕಂಡು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಕೊಯ್ದ ಕೂಳೆಯ ಮೇಲೆ ಎಡವುತ್ತಾ ಓಡಿಬಂದ.

“ಮೇಡಂ! ಇಲ್ಲಿಗ್ಯಾಕೆ ಬಂದ್ರಿ ಈ ಬಿಸಿಲಾಗೆ?”

“ನಿಮ್ ಫೋನ್ ಏನಾತು?”

“ನೀರಾಗೆ ಬಿತ್ತು. ರಿಪೇರಿಗೆ ಕೊಟ್ಟು ಇವತ್ತು ಮುಂಜಾನೆ ತಂದೆ. ನಿಮ್ಮಿಂದ ಏನೂ ಬಂದಿರಲಿಲ್ಲ. ಬ್ಯಾಡ ಅಂದಂಗೆ ಅನ್ಕೊಂಡೆ.”

“ಬ್ಯಾಡ ಅನ್ನೋಕೆ ಮೊದ್ಲು ಅರ್ಥ ಆಗ್ಬೇಕಲ್ಲ! ಯಾವ ಯೂಸ್ಡ್ ಟು ಅದು?”

ಅವನು ನೆಲ ನೋಡಿದ. ಕಿವಿ ಕೆಂಪಾದವು.

“ಬೇಕಂತಲೇ ಹಂಗೆ ಬರ್ದೆ,” ಎಂದ ಮೆಲ್ಲಗೆ. “ನಿಮಗೆ ಸಿಟ್ಟು ಬಂದ್ರೆ, ಅಯ್ಯೋ ಮೊದ್ಲು ಇತ್ರೀ, ಈಗಿಲ್ಲ ಅಂತಿದ್ದೆ. ಸಿಟ್ಟು ಬರ್ಲಿಲ್ಲ ಅಂದ್ರೆ ಈಗಲೂ ಐತೆ ಅಂತಿದ್ದೆ. ಎರಡು ಕಡೆನೂ ಬಾಗ್ಲು ತೆಗೆದಿಟ್ಕೊಂಡಿದ್ದೆ. ಹೆದ್ರಿಕೆ ಆತ್ರಿ.”

ಸುಷ್ಮಾಳಿಗೆ ಸಿಟ್ಟು, ನಗು, ಅಳು ಮೂರೂ ಒಟ್ಟಿಗೆ ಬಂದವು. “ನಿಮ್ ಎರಡು ಬಾಗ್ಲ ನಡುವೆ ನಾನು ಒದ್ದಾಡಿ ಸತ್ತೀನಿ. ಊಟ ಸೇರಿಲ್ಲ, ನಿದ್ದೆ ಬಂದಿಲ್ಲ. ಭಾನುವಾರ ನನ್ನ ನೋಡೋಕೆ ಚಿತ್ರದುರ್ಗದೋರು ಬರ್ತಾರೆ. ಈಗ ಒಂದು ಬಾಗ್ಲು ಮುಚ್ರಿ. ಇಂಗ್ಲಿಷ್ ಬ್ಯಾಡ. ಕನ್ನಡದಾಗೆ ಹೇಳ್ರಿ.”

ಬಸವಕಿರಣ್ ತಲೆಯೆತ್ತಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

“ನೀವಂದ್ರೆ ನಂಗೆ ಪ್ರಾಣ ರೀ. ಬಸ್ ಸ್ಟ್ಯಾಂಡಾಗೆ ನಕ್ಕಿದ್ದು ಕಂಡಾಗ್ಲಿಂದ. ನಿಮ್ಮನ್ನ ಬಿಟ್ಟು ಇನ್ನೊಬ್ರನ್ನ ಮದ್ವಿ ಆಗಲ್ಲ ನಾನು.”

ಗಾಳಿಗೆ ಭತ್ತದ ಹೊಟ್ಟು ಹಾರಿ ಅವಳ ಕೂದಲಿಗೆ ಕೂತಿತು. ಅದನ್ನು ತೆಗೆಯಲೆಂದು ಅವನ ಕೈ ಮೇಲೆದ್ದು, ಅರ್ಧಕ್ಕೆ ನಿಂತಿತು. ಅವಳು ಸರಿಯಲಿಲ್ಲ. ಅವನು ತೆಗೆದ.

“ನಂಗೂ,” ಎಂದಳು. ಇಷ್ಟು ದೂರ ಬಂದ ಲೆಕ್ಚರರಿಗೆ ಅಷ್ಟೇ ಮಾತು ಸಿಕ್ಕಿತು. ಆಮೇಲೆ ತನ್ನ ಫೋನ್ ತೆಗೆದು ಅಪ್ಪನ ನಂಬರ್ ಒತ್ತಿ ಅವನ ಕೈಗೆ ಕೊಟ್ಟಳು.

“ಈಗ್ಲೇನಾ?” ಎಂದ ಅವನು, ಬೆವರುತ್ತಾ.

“ಈಗ್ಲೇ.”

“ನಮಸ್ಕಾರ್ರೀ ಯಜಮಾನ್ರಿಗೆ. ನಾನು ಮಲೆಬೆನ್ನೂರು ಬಸವಕಿರಣ್ ಅಂತ... ನಿಮ್ ಮಗಳನ್ನ... ನೀವು ಒಪ್ಪಿದ್ರೆ... ಮದ್ವಿ ಆಗ್ಬೇಕು ಅಂತೀನ್ರಿ.”

ಆ ಕಡೆಯಿಂದ ಉತ್ತರ ಬಂತು. “ಫೋನ್ ಅವ್ಳಿಗೆ ಕೊಡಪ್ಪ.”

ಸುಷ್ಮಾ ಫೋನ್ ಕಿವಿಗಿಟ್ಟಳು.

“ನಿಮ್ಮವ್ವ ನೆನ್ನೆಯಿಂದ ಹೇಳ್ತಾ ಇದ್ಲು, ಮಗಳ ಮನ್ಸಾಗೆ ಯಾರೋ ಅದಾರೆ ಅಂತ,” ಎಂದರು ವಾಮದೇವಪ್ಪ. ದನಿ ಗಟ್ಟಿಯಿತ್ತು, ಆದರೆ ಸಿಟ್ಟಿರಲಿಲ್ಲ. “ಚಿತ್ರದುರ್ಗದೋರಿಗೆ ಬ್ಯಾಡ ಅಂತೀನಿ. ಭಾನುವಾರ ಈ ಹುಡುಗ ಬರ್ಲಿ, ಮನೆ ದೊಡ್ಡೋರ್ನ ಕರ್ಕೊಂಡು. ಕಣ್ಣಾರೆ ನೋಡ್ದೆ ಹೂಂ ಅನ್ನೋನಲ್ಲ ನಾನು. ನೀನು ಹೊತ್ತು ಮುಳುಗೋದ್ರಾಗೆ ಮನೆ ಸೇರು.”

ಅವಳು ಹೇಳುವ ಮೊದಲೇ ಬಸವಕಿರಣ್ ಅವಳ ಮುಖದಲ್ಲಿ ಓದಿಕೊಂಡ. ಡ್ರೈವರನತ್ತ ಟವೆಲ್ ಬೀಸಿ, “ಇಮಾಮ್ ಸಾಬ್, ನಡೆಸ್ತಿರ್ರಿ, ನಾನು ದಾವಣಗೆರೆಗೆ ಬಿಟ್ಟು ಬರ್ತೀನಿ!” ಎಂದು ಕೂಗಿದ. ಬೈಕು ಕಾಲುವೆಯ ಆಚೆಗಿತ್ತು. ನಡುವೆ ಒಂದೇ ಒಂದು ಕಲ್ಲುಚಪ್ಪಡಿ. ಅವನು ದಾಟಿ ಕೈ ಚಾಚಿದ.

“ಹುಷಾರು ಮೇಡಂ.”

“ಸುಷ್ಮಾ ಅನ್ರಿ.”

“ಸುಷ್ಮಾ... ಅವ್ರೇ.”

ಅವಳು ನಕ್ಕು ಕೈ ಹಿಡಿದಳು. ಚಪ್ಪಡಿ ಅಗಲವಾಗಿಯೇ ಇತ್ತು, ಯಾರ ಆಸರೆಯೂ ಬೇಕಿರಲಿಲ್ಲ. ಕಾಲುವೆ ದಾಟಿ ಬೈಕಿನ ಹತ್ತಿರ ಬಂದರೂ ಇಬ್ಬರಿಗೂ ಕೈ ಬಿಡುವ ನೆನಪಾಗಲಿಲ್ಲ.