ಚೀಟಿಯ ಕೆಳಗೆ ನಾಲ್ಕು ಬೆರಳು ಜಾಗ

ಕೇಳಿದ್ದನ್ನು ಕೇಳಿದಂತೆಯೇ ಹೇಳಬೇಕೆಂದರೆ, ಈ ಕಥೆಯನ್ನು ಒಂದು ಜೇಬಿನಿಂದ ಆರಂಭಿಸಬೇಕು. ಬಿಳಿ ಅಂಗಿಯ ಎಡಗಡೆಯ ಜೇಬು. ಅಂಗಿ ಆಯುರ್ವೇದ ವೈದ್ಯರೊಬ್ಬರದು, ಒಗೆಯುತ್ತಿದ್ದವನು ಮಸಿಯಣ್ಣ, ಇಸ್ತ್ರಿ ಮಾಡುತ್ತಿದ್ದವಳು ಅವನ ಹೆಂಡತಿ.

ಗಂಡ ಹೆಂಡತಿ ಸೇರಿ ಲಾಂಡ್ರಿ ಇಟ್ಟು ಇಪ್ಪತ್ತಾರು ವರ್ಷವಾಗಿತ್ತು. ಯಾರ ಬಟ್ಟೆ ಯಾರದೆಂದು ತಿಳಿಯಲು ಕಾಲರಿನ ಒಳಗೆ ಅಳಿಸದ ಕಪ್ಪು ಮಸಿಯಿಂದ ಗುರುತು ಹಾಕುವುದು ಅವನ ಕೆಲಸ. ಆ ಮಸಿ ಅವನ ತೋರುಬೆರಳಿನಲ್ಲೂ ಶಾಶ್ವತವಾಗಿ ನೆಲೆಸಿದ್ದರಿಂದ ಬೀದಿಯವರು ಅವನನ್ನು ಮಸಿಯಣ್ಣ ಎಂದರು, ಅವಳನ್ನು ಇಸ್ತ್ರಿಯಮ್ಮ ಎಂದರು. ಮಹಡಿಯ ಮೇಲೆ ಮಸಿಯಣ್ಣನ ಅಕ್ಕ ಇದ್ದರು. ಗಿರಾಕಿಗಳ ಬಟ್ಟೆಗೆ ಗುಂಡಿ ಹೊಲಿಯುವುದೂ ತಮ್ಮನ ಬಾಯಿ ಹೊಲಿಯುವುದೂ ಅವರದೇ ಹೊಣೆ. ಈ ಕಥೆಯನ್ನು ಮೊದಲು ಹೇಳಿದವರೂ ಅವರೇ.

ಒಗೆಯುವ ಮುನ್ನ ಜೇಬು ಬರಿದು ಮಾಡುವ ಕೆಲಸವೂ ಮಸಿಯಣ್ಣನ ಪಾಲಿಗೇ ಇತ್ತು. ಬಸ್ ಟಿಕೆಟು, ಬಾಚಣಿಗೆ, ಅರ್ಧ ಚೀಪಿದ ಪೆಪ್ಪರ್‌ಮಿಂಟು, ಏನೇ ಸಿಗಲಿ, ಕಾಗದದ ಕವರಿಗೆ ಹಾಕಿ ಅಂಗಿಗೆ ಪಿನ್ನು ಚುಚ್ಚಿ ಹಿಂತಿರುಗಿಸುವುದು ಅಂಗಡಿಯ ನಿಯಮ. ಒಂದು ಸೋಮವಾರ ಆ ನಿಯಮ ಮುರಿಯಿತು.

“ವೈದ್ಯರ ಗಂಟು ಇಲ್ಲಿ ಕೊಡಿ. ಜೇಬು ನಾನೇ ನೋಡ್ತೀನಿ,” ಎಂದಳು ಇಸ್ತ್ರಿಯಮ್ಮ.

“ಯಾಕೆ? ನನ್ನ ಕೈಗೇನಾಗಿದೆ?”

“ಮಸಿಯಾಗಿದೆ. ಅವರದು ಬಿಳಿ ಬಟ್ಟೆ ರೀ.”

“ಇಪ್ಪತ್ತಾರು ವರ್ಷದಿಂದ ಬಿಳಿ ಬಟ್ಟೆ ಬರ್ತಾನೇ ಇದೆ.”

“ಇಪ್ಪತ್ತಾರು ವರ್ಷದಿಂದ ಹೇಳ್ಬೇಕು ಅಂತ ನಾನೂ ಅಂದ್ಕೊಳ್ತಾನೇ ಇದೀನಿ.”

ಅವಳು ಗಂಟನ್ನು ಎದೆಗೆ ಒತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಅರ್ಧ ಎಳೆದಳು. ಪೂರ್ತಿ ಮುಚ್ಚಿದ ಬಾಗಿಲಿಗಿಂತ ಅರ್ಧ ಎಳೆದ ಬಾಗಿಲು ಗಂಡಸನ್ನು ಹೆಚ್ಚು ಸುಡುತ್ತದೆ.

ಅಂದಿನಿಂದ ಅವನ ಕಣ್ಣಿಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಮೂರು ತಿಂಗಳ ಹಿಂದೆ ಅವಳು ತನ್ನ ಹಾಸಿಗೆಯನ್ನು ಹಿಂದಿನ ಕೋಣೆಯ ಕಿಟಕಿಯ ಬಳಿಗೆ ಒಯ್ದಿದ್ದಳು. “ಸೆಕೆ” ಎಂದಿದ್ದಳು, ಅವನು ನಂಬಿದ್ದ. ಈಗ ಅವಳು ಕಾಫಿ ಬಿಟ್ಟಿದ್ದಾಳೆ. ಬೆಳಿಗ್ಗೆ ಒಬ್ಬಳೇ ನಡೆಯಲು ಹೋಗುತ್ತಾಳೆ. ದಿನದ ಮೊದಲ ಇಸ್ತ್ರಿ ವೈದ್ಯರ ಅಂಗಿಗೇ. ಕಾಲರಿನ ತುದಿಯನ್ನು ಉಗುರಿನಿಂದ ನೇವರಿಸಿ ಮಡಚುತ್ತಾಳೆ. ತನ್ನ ಅಂಗಿಯ ಕಾಲರನ್ನು ಅವಳು ಉಗುರಿನಿಂದ ನೇವರಿಸಿದ್ದು ಯಾವ ವರ್ಷವೆಂದು ಮಸಿಯಣ್ಣ ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ.

ವೈದ್ಯರೆಂದರೆ ಮುದುಕರಲ್ಲ. ಐವತ್ತೈದರ ಆಸುಪಾಸು, ನೆಟ್ಟಗಿನ ಬೆನ್ನು, ಒಂಟಿ ಜೀವ. ಎದುರಿನವರು ಮಾತಾಡುವಾಗ ತಲೆಯನ್ನು ಕೊಂಚ ವಾಲಿಸಿ ಕೇಳುವ ಅಭ್ಯಾಸ ಬೇರೆ. ಹಾಗೆ ಕೇಳುವ ಗಂಡಸರನ್ನು ಕಂಡರೆ ಮಸಿಯಣ್ಣನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಮರುವಾರ ಇಸ್ತ್ರಿಯಾದ ಬಟ್ಟೆಗಳನ್ನು ಸೈಕಲ್ಲಿನಲ್ಲಿ ಒಯ್ಯುವಾಗ, ಮೇಲಿನ ಅಂಗಿಯ ಜೇಬು ಸ್ವಲ್ಪ ಉಬ್ಬಿದ್ದು ಅವನ ಕಣ್ಣಿಗೆ ಬಿತ್ತು. ಒಂದು ಕಾಂಪೌಂಡ್ ಗೋಡೆಯ ನೆರಳಿನಲ್ಲಿ ಸೈಕಲ್ ನಿಲ್ಲಿಸಿದ. ಇನ್ನೊಬ್ಬರ ಜೇಬಿನಿಂದ ತೆಗೆದದ್ದನ್ನು ಅವನು ಎಂದೂ ಓದಿದವನಲ್ಲ. ಅಂದು ಓದಿದ. ಅವಳದೇ ಅಕ್ಷರ.

“ವೈದ್ಯರೇ, ಮುಟ್ಟು ನಿಂತು ಏಳು ತಿಂಗಳಾಯಿತು. ಮಹಡಿಯ ಅತ್ತಿಗೆಯ ಮೊಣಕಾಲಿನ ನೆಪದಲ್ಲಿ ಅವರ ಜೊತೆ ಬಂದು ನಿಮಗೆ ನಾಡಿ ತೋರಿಸಿದ್ದೆನಲ್ಲ, ಆಮೇಲೂ ಇದ್ದಕ್ಕಿದ್ದಂತೆ ಕುತ್ತಿಗೆಯಿಂದ ಬಿಸಿ ಏಳುವುದು ನಿಂತಿಲ್ಲ. ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತವಳ ಬೆವರು ಯಾರಿಗೂ ಹೊಸದಾಗಿ ಕಾಣುವುದಿಲ್ಲ. ನಿದ್ದೆ ಮೂರು ಗಂಟೆಗೆ ಹರಿದುಹೋಗುತ್ತದೆ. ನಿನ್ನೆ ಒಂದು ಗುಂಡಿ ಸಿಗಲಿಲ್ಲವೆಂದು ಅತ್ತುಬಿಟ್ಟೆ. ಮನೆಯವರಿಗೆ ಹೇಳಿಲ್ಲ. ಹೇಳಲಾರೆ.”

ಮಸಿಯಣ್ಣ ಅದನ್ನು ಮತ್ತೆ ಓದಿದ. ಪ್ರೇಮಪತ್ರವಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇದು ಅದಕ್ಕಿಂತ ಕೆಟ್ಟದ್ದು. ತನ್ನ ಹೆಂಡತಿಯ ಮೈಯೊಳಗೆ ಏಳು ತಿಂಗಳಿಂದ ನಡೆಯುತ್ತಿರುವುದು ಬೀದಿಯಾಚೆಯ ಗಂಡಸಿಗೆ ಗೊತ್ತು. ಒಂದೇ ಸೂರಿನಡಿ ಅವಳ ಬೆವರನ್ನು ನೋಡುತ್ತ ನಿಂತ ತನಗೆ ಗೊತ್ತಿಲ್ಲ. ಆ ಸುದ್ದಿಯನ್ನು ಸೈಕಲ್ಲಿನಲ್ಲಿ ಹೊತ್ತು ತಲುಪಿಸುವವನೂ ತಾನೇ.

ವೈದ್ಯರು ಗಂಟನ್ನು ಒಳಗೆ ಒಯ್ದು, ಸ್ವಲ್ಪ ಹೊತ್ತಿನ ಮೇಲೆ ಕೊಳೆ ಬಟ್ಟೆಯ ಗಂಟನ್ನು ತಂದುಕೊಟ್ಟರು.

“ಮನೆಯವರು ಹೇಗಿದ್ದಾರೆ?” ಎಂದು ತಲೆ ವಾಲಿಸಿ ಕೇಳಿದರು.

“ನಮ್ಮ ಮನೆಯವರು ನಮಗೆ ಗೊತ್ತು ಬಿಡಿ,” ಎಂದ ಮಸಿಯಣ್ಣ.

“ಗೊತ್ತಿದ್ರೆ ಒಳ್ಳೇದೇ,” ಎಂದರು ವೈದ್ಯರು.

ಅದೇ ಗೋಡೆಯ ನೆರಳು. ಅವರ ಉತ್ತರ ಕೊಳೆ ಅಂಗಿಯೊಂದರ ಜೇಬಿನಲ್ಲಿತ್ತು.

“ಇದು ರೋಗವಲ್ಲ, ದೇಹದ ಒಂದು ತಿರುವು. ಊಟದ ಹೊತ್ತು ತಪ್ಪಿಸಬೇಡಿ. ಸಂಜೆಯ ಊಟ ಬೇಗ, ಹಗುರವಾಗಿ ಇರಲಿ. ಖಾರ, ಹುಳಿ, ಕರಿದದ್ದು ಕಡಿಮೆ ಮಾಡಿ. ಕೊತ್ತಂಬರಿ ಬೀಜ ನೆನೆಸಿದ ನೀರನ್ನು ಬೆಳಿಗ್ಗೆ ಸೋಸಿ ಕುಡಿಯಿರಿ. ಅಡುಗೆಯಲ್ಲಿ ಎಳ್ಳು, ತುಪ್ಪ ಇರಲಿ. ನಡಿಗೆ ಬಿಡಬೇಡಿ. ಮಲಗುವ ಮುನ್ನ ಪಾದಕ್ಕೆ ಎಳ್ಳೆಣ್ಣೆ. ಶತಾವರಿ ಬೇರಿನ ಔಷಧಿಯ ಮಾತು ರಕ್ತಪರೀಕ್ಷೆಯ ರಿಪೋರ್ಟ್ ನೋಡಿದ ಮೇಲೆ. ನಿಂತ ಸ್ರಾವ ಮತ್ತೆ ಹೆಚ್ಚಾಗಿ ಕಂಡರೆ ನನಗೆ ಬರೆಯುತ್ತ ಕೂರಬೇಡಿ, ಲೇಡಿ ಡಾಕ್ಟರ್ ಹತ್ತಿರ ಹೋಗಿ.”

ಎಲ್ಲವೂ ಸರಿಯಾಗಿತ್ತು. ಅದೇ ಅವನ ಸಂಕಟ. ತಪ್ಪು ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು: ಇಷ್ಟೆಲ್ಲ ಬರೆದ ಮಹಾನುಭಾವನಿಗೆ ಅವಳು ದಿನಕ್ಕೆ ಎಂಟು ಗಂಟೆ ಕಾದ ಕಬ್ಬಿಣದ ಮುಂದೆ ನಿಲ್ಲುತ್ತಾಳೆಂಬುದು ಹೊಳೆದಿಲ್ಲ. ಮಸಿಯಣ್ಣ ಕಿವಿಯ ಮೇಲಿದ್ದ ಗುರುತಿನ ಪೆನ್ನು ತೆಗೆದು, ಚೀಟಿಯ ಕೆಳಗೆ ತನ್ನದೊಂದು ಸಾಲು ಸೇರಿಸಿದ.

“ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಇಸ್ತ್ರಿಪೆಟ್ಟಿಗೆ ಮುಟ್ಟಕೂಡದು. ಆ ಕೆಲಸ ಮನೆಯವರು ಮಾಡಲಿ.”

ಮರುದಿನ ಹನ್ನೆರಡಕ್ಕೆ ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಗಂಡನ ಕಡೆಗೆ ಜರುಗಿಸಿದಳು.

“ಮಣಿಕಟ್ಟು ನೋಯ್ತಿದೆ. ನಾಲ್ಕು ಗಂಟೆವರೆಗೂ ನೀವು ಮಾಡ್ತೀರಾ?”

“ಅದಕ್ಕೇನು,” ಎಂದ ಅವನು, ಏನೂ ತಿಳಿಯದವನಂತೆ.

ಮೊದಲ ಅರ್ಧ ಗಂಟೆಯಲ್ಲೇ ಒಂದು ತೋಳು ಸುಟ್ಟ. ಮಹಡಿಯಿಂದ ಇಳಿದು ಬಂದ ಅಕ್ಕ ಮೂಗು ಮುಚ್ಚಿಕೊಂಡರು. “ಇದೇನೋ ಹೊಗೆ? ಬಟ್ಟೆ ಸುಡ್ತಿದೆಯೋ, ಹೊಟ್ಟೆ ಸುಡ್ತಿದೆಯೋ?”

ಇಸ್ತ್ರಿಯಮ್ಮ ಕಿಟಕಿಯ ಬಳಿ ಕೂತು ಕಾಲು ಚಾಚಿ ತಣ್ಣನೆಯ ನೀರು ಕುಡಿಯುತ್ತಿದ್ದಳು. ಅವಳ ಕಣ್ಣಂಚು ನಗುತ್ತಿತ್ತು. ಆ ನಗು ಯಾರ ನೆನಪಿನಿಂದ ಬಂದದ್ದೆಂದು ಅವನಿಗೆ ತಿಳಿಯಲಿಲ್ಲ. ಇನ್ನೊಂದು ಅಂಗಿಯ ತೋಳೂ ಸುಟ್ಟಿತು.

ಮುಂದಿನ ಸೋಮವಾರದ ಚೀಟಿ ಹೀಗಿತ್ತು. “ಬಿಸಿ ಸ್ವಲ್ಪ ಕಡಿಮೆ. ನಿದ್ದೆ ನಾಲ್ಕೂವರೆಯವರೆಗೆ ಬಂದಿದೆ. ಕೊನೆಯ ಸಾಲನ್ನು ನಾಲ್ಕು ಸಲ ಓದಿದೆ. ನಾನು ಎಲ್ಲಿ ನಿಲ್ಲುತ್ತೇನೆಂದು ಇಷ್ಟು ವರ್ಷ ಯಾರೂ ನೋಡಿರಲಿಲ್ಲ.”

ನಾಲ್ಕು ಸಲ! ಸಾಲು ತನ್ನದು, ಪುಣ್ಯ ಅವರದು. ಬಿತ್ತಿದವನೊಬ್ಬ, ಬೆಳೆ ಕೊಯ್ದವನೊಬ್ಬ. ತಾನೇ ಬರೆದ ಮಾತಿನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಗತಿ ಯಾವ ಗಂಡನಿಗೂ ಬರಬಾರದು. ಆ ಕೊನೆಯ ಮಾತು ವೈದ್ಯರ ಕಣ್ಣಿಗೆ ಬೀಳಬಾರದೆಂದು ಕಾಗದದ ತುದಿಯನ್ನು ಮಡಚಿ, ಉಗುರಿನಿಂದ ಗೀರಿ, ಹರಿದು, ತನ್ನ ಜೇಬಿಗೆ ಹಾಕಿಕೊಂಡ.

ವೈದ್ಯರು ಹರಿದ ಅಂಚನ್ನು ನೋಡಿದರು. ಮಸಿಯಣ್ಣನ ಕಿವಿಯ ಮೇಲಿನ ಪೆನ್ನನ್ನು ನೋಡಿದರು. ಉತ್ತರ ಬರೆಯಲು ಒಳಗೆ ಹೋದರು. ಅಂದಿನ ಉತ್ತರದ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಇತ್ತು. ಕಾಗದದ ವಿಷಯದಲ್ಲಿ ಧಾರಾಳಿ ಮನುಷ್ಯ ಎಂದುಕೊಂಡು ಮಸಿಯಣ್ಣ ಅಲ್ಲಿ ಬರೆದ: “ಪಾದಕ್ಕೆ ಎಣ್ಣೆಯನ್ನು ಮನೆಯವರ ಕೈಯಿಂದಲೇ ಹಚ್ಚಿಸಿಕೊಳ್ಳತಕ್ಕದ್ದು.”

ಆ ವಾರವೆಲ್ಲ ಅವನು ಕಾದ. ಎಣ್ಣೆಯ ಬಟ್ಟಲು ಗೂಡಿನಲ್ಲೇ ಇತ್ತು. ಅವಳು ಕರೆಯಲಿಲ್ಲ.

“ಎಣ್ಣೆ ಖಾಲಿ ಆಗಿಲ್ಲ ಅನ್ಸುತ್ತೆ,” ಎಂದ ಒಂದು ಮಧ್ಯಾಹ್ನ, ಪ್ಯಾಂಟೊಂದರ ಇಸ್ತ್ರಿ ಗೆರೆ ಕೂರಿಸುತ್ತ.

“ಯಾವ ಎಣ್ಣೆ?”

“ಅದೇ, ಗೂಡಲ್ಲಿರೋದು.”

“ಇದೆ,” ಎಂದಳು. ಒಂದು ಗಳಿಗೆ ಅವನನ್ನೇ ನೋಡಿದಳು. ಮತ್ತೆ ಬಟ್ಟೆ ಮಡಚತೊಡಗಿದಳು.

ನಾಲ್ಕನೆಯ ಸೋಮವಾರದ ಚೀಟಿಯಲ್ಲಿ ನಿದ್ದೆಯ ಮಾತಿರಲಿಲ್ಲ, ಬಿಸಿಯ ಮಾತೂ ಇರಲಿಲ್ಲ.

“ಎಣ್ಣೆಯದು ಆಗದ ಕೆಲಸ. ಏಳು ವರ್ಷದ ಹಿಂದೆ ಅತ್ತಿಗೆ ಊಟಕ್ಕೆ ಕೂತವರು ಹೀಗೇ ಬೆವತು, ತಟ್ಟೆಯನ್ನೇ ಬೀಸಣಿಗೆ ಮಾಡಿಕೊಂಡಿದ್ದರು. ಮನೆಯವರು ‘ಅಕ್ಕನ ಬಾಯ್ಲರ್ ಕೆಟ್ಟಿದೆ, ಇನ್ನು ಗುಜರಿಗೆ ಹಾಕ್ಬೇಕು’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತಿಗೆ ಅರ್ಧ ಊಟದಲ್ಲಿ ಎದ್ದು ಹೋದರು. ನನ್ನ ಸರದಿ ಬಂದಾಗ ಈ ಮನುಷ್ಯನಿಗೆ ಹೇಳುವುದಿಲ್ಲವೆಂದು ಅಂದೇ ನಿರ್ಧರಿಸಿದೆ. ಅವರ ನಗು ನನಗೆ ಇಷ್ಟ. ಅದು ನನ್ನ ಮೇಲೆ ಬೀಳಬಾರದು.”

ಗೋಡೆಯ ನೆರಳು ಸರಿದು ಬಿಸಿಲು ಬಂದರೂ ಮಸಿಯಣ್ಣ ಅಲ್ಲೇ ನಿಂತಿದ್ದ. ವಾರಗಟ್ಟಲೆ ಯಾರ ಮೇಲೆ ಉರಿದಿದ್ದನೋ ಆ ವೈದ್ಯರು ತಪ್ಪಿತಸ್ಥರೇ ಅಲ್ಲ. ಅವಳ ಮಾತನ್ನು ತನ್ನಿಂದ ಕಸಿದುಕೊಂಡವನು ಊಟದ ಮೇಜಿನೆದುರು ಕೂತು ಜೋಕು ಹೊಡೆದ ಒಬ್ಬ ಗಂಡಸು. ಅವನ ತೋರುಬೆರಳಿಗೆ ಮಸಿ ಅಂಟಿತ್ತು.

ಅವನು ಸೈಕಲ್ಲನ್ನು ಮನೆಯ ಕಡೆಗೆ ತಿರುಗಿಸಿದ. ನೇರ ಮಹಡಿ ಹತ್ತಿದ. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದರು.

“ಅಕ್ಕಾ, ಅವತ್ತು ಊಟದ ಹೊತ್ತಲ್ಲಿ ನಾನು ಬಾಯ್ಲರ್ ಅಂದಿದ್ದೆ, ನೆನಪಿದೆಯಾ?”

“ಅವತ್ತು ಬಿಟ್ಟ ಅರ್ಧ ಊಟವೂ ನೆನಪಿದೆ.”

“ತಪ್ಪಾಯ್ತು.”

ಅಕ್ಕ ದಾರವನ್ನು ಹಲ್ಲಿನಿಂದ ಕಡಿದರು. “ಏಳು ವರ್ಷ ಬೇಕಾಯ್ತಲ್ಲೋ ನಿಂಗೆ! ಹೋಗಲಿ, ನನ್ನದು ತಣ್ಣಗಾಗಿದೆ. ಈ ಮಾತು ಕೇಳ್ಬೇಕಾದವಳು ಕೆಳಗಿದ್ದಾಳೆ. ಆ ಮೆಟ್ಟಿಲು ಇಳಿಯೋಕೆ ಇನ್ನೇಳು ವರ್ಷ ತಗೋಬೇಡ.”

ಅಂದು ಅವನು ವೈದ್ಯರ ಮನೆ ತಲುಪಿದಾಗ ತಡವಾಗಿತ್ತು. ಅಂಗಿಯ ಜೇಬಿನಲ್ಲಿ ಚೀಟಿ ಇರಲಿಲ್ಲ; ಅದು ಮಸಿಯಣ್ಣನ ಎದೆಯ ಜೇಬಿನಲ್ಲಿತ್ತು. ವೈದ್ಯರು ಖಾಲಿ ಜೇಬು ಮುಟ್ಟಿ ನೋಡಿ, ಅವನ ಮುಖ ನೋಡಿ ಒಳಗೆ ಹೋದರು. ಹಿಂತಿರುಗುವ ದಾರಿಯಲ್ಲಿ ಅವನು ಅವರ ಉತ್ತರ ತೆಗೆದ. ಇಡೀ ಹಾಳೆ ಬರಿದಾಗಿತ್ತು. ಒಂದು ಅಕ್ಷರವೂ ಇಲ್ಲ.

ಆ ನಾಲ್ಕು ಬೆರಳು ಜಾಗವನ್ನೂ ತನಗಾಗಿಯೇ ಬಿಟ್ಟಿದ್ದರೆಂದು ಆಗ ಮಸಿಯಣ್ಣನಿಗೆ ಅರ್ಥವಾಯಿತು. ಕಿವಿ ಬಿಸಿಯಾಯಿತು. ಆದರೂ ಗೋಡೆಗೆ ಹಾಳೆ ಒತ್ತಿ ಹಿಡಿದು ದೊಡ್ಡ ಅಕ್ಷರದಲ್ಲಿ ಬರೆದ.

ಇಸ್ತ್ರಿಯಮ್ಮ ಹಿಂದಿನ ಕೋಣೆಯಲ್ಲಿ ಗಂಟು ಬಿಚ್ಚಿದಳು. ಅಂದು ಬಾಗಿಲು ಎಳೆದಿರಲಿಲ್ಲ. ಹಾಳೆಯಲ್ಲಿ ಇಷ್ಟೇ ಇತ್ತು: “ಇನ್ನು ನಗುವುದಿಲ್ಲ. ನನಗೆ ಹೇಳು.”

ಅವಳು ಆ ಕಪ್ಪು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅವನು ಹೊಸ್ತಿಲಿನಲ್ಲಿ ನಿಂತಿದ್ದ, ಬಟ್ಟೆ ಕಳೆದುಹೋದ ಗಿರಾಕಿಯ ಹಾಗೆ.

“ಈ ಮಸಿ ವೈದ್ಯರ ಹತ್ತಿರ ಎಲ್ಲಿಂದ ಬರ್ಬೇಕು ರೀ?” ಎಂದಳು. “ಮೊದಲ ಸಾಲಿಗೇ ಗೊತ್ತಾಯ್ತು ನಂಗೆ.”

“ಮತ್ತೆ ನಾಲ್ಕು ಸಲ ಓದಿದೆ ಅಂತ ಬರೆದಿದ್ದು?”

“ನೀವು ಬರೆದಿದ್ದು ಅಂತಾನೇ ನಾಲ್ಕು ಸಲ.”

“ಅವತ್ತು ನಿನ್ನ ನಗು ಅವರಿಗೆ ಅಂದ್ಕೊಂಡು ಎರಡು ಅಂಗಿ ಸುಟ್ಟೆ!”

“ನೋಡ್ತಾ ಇದ್ದೆ. ಚೆನ್ನಾಗಿತ್ತು,” ಎಂದಳು. “ಇನ್ನೆರಡು ಸುಡಲಿ ಅಂತ ಆಸೆ ಇತ್ತು.”

“ಬೆಳಿಗ್ಗೆ ಎದ್ದ ತಕ್ಷಣ ಅವರ ಕಾಲರ್ ನೇವರಿಸ್ತೀಯಲ್ಲ, ಅದು?”

“ಬಿಳಿ ಬಟ್ಟೆ. ಹೊತ್ತೇರಿದ ಮೇಲೆ ಮಾಡಿದ್ರೆ ನನ್ನ ಬೆವರು ಬಿದ್ದು ಕಲೆ ಆಗುತ್ತೆ. ಅಷ್ಟೇ.” ಅವಳ ದನಿ ತಗ್ಗಿತು. “ಎಷ್ಟು ಬಟ್ಟೆ ಎರಡೆರಡು ಸಲ ಒಗೆದಿದೀನಿ ಗೊತ್ತಾ, ನಿಮಗೆ ಕಾಣಬಾರದು ಅಂತ.”

ಅವನು ಒಳಗೆ ಬಂದು ನೆಲದ ಮೇಲೆ ಕೂತ. ಗೂಡಿನಿಂದ ಎಣ್ಣೆಯ ಬಟ್ಟಲು ತೆಗೆದ. “ಮಲಗೋ ಮುಂಚೆ ಹಚ್ಚಬೇಕು ಅಂತ ಬರೆದಿದ್ದಾರೆ,” ಎಂದಳು ಅವಳು. “ಈಗ ಹಗಲು.”

“ಏಳು ತಿಂಗಳ ಬಾಕಿ ಇದೆ. ಕಾಲು ಕೊಡು.”

ಕಿಟಕಿಯ ಬಿಸಿಲಿನಲ್ಲಿ, ನಿಂತು ನಿಂತು ಗಟ್ಟಿಯಾಗಿದ್ದ ಆ ಪಾದಗಳನ್ನು ಅವನು ಮೊದಲ ಸಲವೆಂಬಂತೆ ನೋಡಿದ. ಅವಳು ಹೇಳತೊಡಗಿದಳು. ಮೊದಲು ಚೀಟಿಯಲ್ಲಿ ಬರೆದದ್ದನ್ನು, ಆಮೇಲೆ ಚೀಟಿಯಲ್ಲಿ ಬರೆಯದದ್ದನ್ನು. ನಡುವೆ ಒಮ್ಮೆ ಅವಳ ಕುತ್ತಿಗೆ, ಕೆನ್ನೆ, ಕಿವಿ ಕೆಂಪೇರಿದವು. ಅಂಗಿಯ ಮಡಿಕೆಗೆ ಇಡುವ ರಟ್ಟನ್ನು ತೆಗೆದುಕೊಂಡು ಅವನು ಬೀಸಿದ.

“ಇದು ಆ ಬಿಸಿಯಾ, ನಾಚಿಕೆಯಾ?”

“ಅದನ್ನೂ ನಾನೇ ಹೇಳ್ಬೇಕಾ?” ಎಂದಳು.

ಅಂದು ಸಂಜೆ ಅವಳ ಹಾಸಿಗೆ ಕಿಟಕಿಯ ಬಳಿಯಿಂದ ಕದಲಲಿಲ್ಲ. ಅವನ ಹಾಸಿಗೆಯೇ ಅಲ್ಲಿಗೆ ಬಂತು, ಒಂದು ಮೊಳ ಗಾಳಿಗೆ ಜಾಗ ಬಿಟ್ಟು.

ಐದನೆಯ ಸೋಮವಾರ ಅಂಗಿಯ ಜೇಬು ಮತ್ತೆ ಉಬ್ಬಿತ್ತು. ಗೋಡೆಯ ನೆರಳು ಬಂದಾಗ ಮಸಿಯಣ್ಣನ ಕೈ ಬ್ರೇಕಿನ ಮೇಲೆ ಹೋಯಿತು, ಹಿಂದೆ ಬಂತು. ಸೈಕಲ್ ನಿಲ್ಲಲಿಲ್ಲ. ವೈದ್ಯರು ಚೀಟಿ ಓದಿ ಮನಸಾರೆ ನಕ್ಕರು.

“ಏನಂತೆ?” ಎಂದು ಕೇಳಿಯೇಬಿಟ್ಟ ಅವನು. ಹೊಟ್ಟೆಕಿಚ್ಚೆಂಬುದು ಒಂದೇ ಒಗೆತಕ್ಕೆ ಹೋಗುವ ಕಲೆಯಲ್ಲ.

ವೈದ್ಯರು ಚೀಟಿಯನ್ನು ಅವನ ಕೈಗೇ ಕೊಟ್ಟರು.

“ವೈದ್ಯರೇ, ರಿಪೋರ್ಟ್ ತೋರಿಸಲು ಗುರುವಾರ ಬರುತ್ತೇನೆ, ಇವರೂ ಜೊತೆಗೆ ಬರುತ್ತಾರೆ. ಇನ್ನು ಮುಂದೆ ಕೆಳಗೆ ಜಾಗ ಬಿಡಬೇಡಿ. ಹೇಳಬೇಕಾದ್ದನ್ನು ಇವರು ಬಾಯಿಬಿಟ್ಟೇ ಹೇಳುತ್ತಿದ್ದಾರೆ.”